ಕುಸ್ತಿಯೂ ಕುಸ್ತಿಯ ನಾಟಕವೂ

ಮಲ್ಲಯುದ್ಧವು ನಮ್ಮ ನಾಡಿನ ಪ್ರಾಚೀನ ವಿದ್ಯೆಗಳಲ್ಲೊಂದು. ‘ಮಲ್ಲ’ ಎಂಬುದು ಸಂಸ್ಕೃತದ ಮಾತು. ‘ಕುಸ್ತಿ’ ಪಾರಸಿಯಿಂದ ಬಂದದ್ದು. ‘ಜೆಟ್ಟಿ’ಯು ‘ಜ್ಯೇಷ್ಠಿ’ಯ ತದ್ಭವ. ಮೂರೂ ಕನ್ನಡದ ಗರಡಿಯ ಮಣ್ಣಿನಲ್ಲಿ ಒಂದಾಗಿ ಬೆರೆತಿವೆ. ಹೋರುವವನ ಪಟ್ಟುಗಳನ್ನು ಎಲ್ಲರೂ ಕೊಂಡಾಡುತ್ತಾರೆ; ಕುಸ್ತಿಯನ್ನು ಏರ್ಪಡಿಸುವವನ ಧರ್ಮವನ್ನು ಕುರಿತು ಆಲೋಚಿಸುವವರು ವಿರಳ. ಈ ಲೇಖನದ ವಿಷಯ ಅದೇ.

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂಬ ಪ್ರಕರಣವೇ ಇದೆ. ಅಲ್ಲಿ ಮಲ್ಲರನ್ನು ವಯಸ್ಸು, ದೇಹಪ್ರಮಾಣ, ಬಲಗಳಿಗೆ ಅನುಸಾರವಾಗಿ ವಿಂಗಡಿಸಲಾಗಿದೆ. ಸಮಾನರಲ್ಲದವರನ್ನು ಕಣಕ್ಕಿಳಿಸಿದರೆ ಅದು ವಿನೋದವಾಗದೆ ಹಿಂಸೆಯಾಗುವುದೆಂಬುದು ಈ ವಿಂಗಡಣೆಯಿಂದ ನಾವು ಗ್ರಹಿಸಬಹುದಾದ ತತ್ತ್ವ.

ವಿಜಯನಗರದ ಮಹಾನವಮಿಯಲ್ಲಿ ಜಟ್ಟಿಗಳು ಹೋರಾಡುತ್ತಿದ್ದುದನ್ನು ಪೋರ್ಚುಗೀಸ್ ಪ್ರವಾಸಿ ಪಾಯೆಸನು ಬರೆದಿಟ್ಟಿದ್ದಾನೆ. ೧೬೧೦ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರೆಯನ್ನು ಆರಂಭಿಸಿದ ಬಳಿಕ ಮೈಸೂರು ಅರಸರು ಈ ಪರಂಪರೆಯನ್ನು ಪೋಷಿಸಿದರು. ವಿಜಯದಶಮಿಯಂದು ಅರಮನೆಯಲ್ಲಿ ಜೆಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುವುದು. ಒಬ್ಬನ ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗವನ್ನು ನಿಲ್ಲಿಸುವರು. ೧೯೭೧ರಲ್ಲಿ ರಾಜಧನ ರದ್ದಾಗಿ, ದಸರೆಯ ಹೊಣೆಯನ್ನು ಸರಕಾರವು ವಹಿಸಿಕೊಂಡರೂ ಕುಸ್ತಿ ಅಳಿಯಲಿಲ್ಲ. ದೊಡ್ಡಕೆರೆ ಮೈದಾನದ ದೇವರಾಜ ಅರಸು ಕ್ರೀಡಾಂಗಣದಲ್ಲಿ ನಾಡಕುಸ್ತಿ ನಡೆಯುವುದಕ್ಕೆ ಮುಂಚೆ ‘ಜೋಡಿ ಕಟ್ಟುವ’ ಕಾರ್ಯಕ್ರಮವೊಂದುಂಟು. ಪೈಲ್ವಾನರ ತೂಕವನ್ನೂ ಸಾಮರ್ಥ್ಯವನ್ನೂ ನೋಡಿ, ಹಿರಿಯರು ಬಹಿರಂಗವಾಗಿ ಜೋಡಿಗಳನ್ನು ನಿಶ್ಚಯಿಸುತ್ತಾರೆ. ಜೋಡಿ ಹಿರಿಯರದು, ಫಲ ಮಾತ್ರ ಕಣದ್ದು.

ಇಂಗ್ಲೆಂಡಿನಲ್ಲಿ ಈ ವ್ಯವಸ್ಥೆ ಬೇರೊಂದು ದಾರಿ ಹಿಡಿಯಿತು. ೧೯೧೦ರಲ್ಲಿ ನಮ್ಮ ದೇಶದ ಗಾಮಾ ಪೈಲ್ವಾನನು ಲಂಡನ್ನಿಗೆ ಹೋಗಿ ಪೋಲೆಂಡಿನ ಜಿಬಿಸ್ಕೋನೊಡನೆ ಎರಡೂವರೆ ಗಂಟೆಗೂ ಮಿಕ್ಕಿ ಸೆಣಸಿದನು. ಎದುರಾಳಿಯು ಬಹುಪಾಲು ನೆಲಕ್ಕೆ ಅಂಟಿಕೊಂಡೇ ಇದ್ದುದರಿಂದ ಅಂದು ಇತ್ಯರ್ಥವಾಗಲಿಲ್ಲ. ಮರುಪಂದ್ಯಕ್ಕೆ ಅವನು ಬಾರದಿರಲು ಜಯವು ಗಾಮಾನಿಗೆ ಸಂದಿತು. ಇಂತಹ ದೀರ್ಘ ಸೆಣಸು ಟಿಕೆಟು ಕೊಂಡ ಪ್ರೇಕ್ಷಕರನ್ನು ರಂಜಿಸುವುದು ಕಷ್ಟ. ಕ್ರಮೇಣ ಅಲ್ಲಿನ ವೃತ್ತಿಕುಸ್ತಿಯಲ್ಲಿ ಜೋಡಿಯನ್ನಷ್ಟೇ ಅಲ್ಲದೆ ಸೋಲು ಗೆಲುವುಗಳನ್ನೂ ಏರ್ಪಾಡುಗಾರರೇ ಮುಂಚಿತವಾಗಿ ನಿಶ್ಚಯಿಸುವ ರೂಢಿ ಬಂದಿತು. ೧೯೫೨ರಲ್ಲಿ ಹಲವು ಏರ್ಪಾಡುಗಾರರು ‘ಜಾಯಿಂಟ್ ಪ್ರಮೋಷನ್ಸ್’ ಎಂಬ ಕೂಟವನ್ನು ಕಟ್ಟಿದರು. ೧೯೫೫ರಿಂದ ೧೯೮೮ರವರೆಗೆ ಐಟಿವಿ ದೂರದರ್ಶನದಲ್ಲಿ ಕುಸ್ತಿ ಪ್ರಸಾರವಾಯಿತು. ಅದರ ಬಹುಭಾಗ ಈ ಕೂಟದ ವಶದಲ್ಲಿತ್ತು.

೧೯೭೦ರಲ್ಲಿ ಬ್ರಯನ್ ಡಿಕ್ಸನ್ ಎಂಬಾತನು ಆರಂಭಿಸಿದ ಸಂಸ್ಥೆಯು ಮುಂದೆ ‘ಆಲ್ ಸ್ಟಾರ್ ರೆಸ್ಲಿಂಗ್’ ಎಂದು ಪ್ರಸಿದ್ಧವಾಯಿತು. ಪ್ರಸಾರದಲ್ಲಿ ಇದಕ್ಕೆ ಪಾಲು ದೊರೆತದ್ದು ಕೊನೆಯ ೨ ವರ್ಷಗಳಲ್ಲಿ ಮಾತ್ರ. ಪ್ರಸಾರ ನಿಂತ ಮೇಲೆ ಹಳೆಯ ಕೂಟವು ಕ್ಷೀಣಿಸಿ ೧೯೯೦ರ ದಶಕದಲ್ಲಿ ಮುಚ್ಚಿತು. ಆಲ್ ಸ್ಟಾರ್ ಸಂಸ್ಥೆಯಾದರೋ ಊರೂರಿನ ಪುರಭವನಗಳಲ್ಲಿಯೂ ರಜಾಶಿಬಿರಗಳಲ್ಲಿಯೂ ಆಟವಾಡುತ್ತ ಉಳಿದುಕೊಂಡಿತು. ೨೦೨೩ರಲ್ಲಿ ತೀರಿಕೊಂಡ ಡಿಕ್ಸನ್ ಅದನ್ನು ೫೦ ವರ್ಷಗಳಿಗೂ ಮಿಕ್ಕಿ ನಡೆಸಿದ್ದನು.

ಇದರ ಮರ್ಮವನ್ನು ತಿಳಿಯಲು ನಮ್ಮ ಜಿಲ್ಲೆಯವರು ದೂರ ಹೋಗಬೇಕಿಲ್ಲ. ೧೮೮೪ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘವೂ ಊರಿಂದೂರಿಗೆ ಮೊಕ್ಕಾಂ ಹೂಡುತ್ತ ಬೆಳೆದದ್ದೇ ಅಲ್ಲವೆ? ನಾಟಕರತ್ನ ವೀರಣ್ಣನವರು ‘ಕುರುಕ್ಷೇತ್ರ’ ನಾಟಕದಲ್ಲಿ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದರು. ಆದರೂ ದುರ್ಯೋಧನನು ಬೀಳುವನೆಂಬುದು ತುಮಕೂರಿನ ವರ್ತಕನಿಗೂ ಕುಣಿಗಲ್ಲಿನ ರೈತನಿಗೂ ಮೊದಲೇ ತಿಳಿದಿತ್ತು. ಅದರಿಂದ ಯಾರೂ ಮೋಸಹೋಗಲಿಲ್ಲ. ಏಕೆಂದರೆ ಅದರ ಹೆಸರೇ ನಾಟಕ.

ಆದಕಾರಣ ನಿಶ್ಚಿತಫಲದ ಕುಸ್ತಿಯನ್ನು ಕೇವಲ ನಿಂದಿಸುವುದು ಯುಕ್ತವಲ್ಲ. ಅದಕ್ಕೂ ದೇಹಶಿಕ್ಷಣ ಬೇಕು, ಬೀಳುವ ಕಲೆ ಬೇಕು, ಜೊತೆಗಾರನಲ್ಲಿ ಪೂರ್ಣ ವಿಶ್ವಾಸ ಬೇಕು. ದೋಷವಿರುವುದು ಆಟದಲ್ಲಲ್ಲ, ನಾಟಕವನ್ನು ಸ್ಪರ್ಧೆಯೆಂದು ಕರೆದು ಮಾರುವುದರಲ್ಲಿ. ಗರಡಿಯಲ್ಲಿ ವರ್ಷಾನುಗಟ್ಟಲೆ ಮೈ ಪಳಗಿಸಿದ ಹುಡುಗನು ಕಣಕ್ಕಿಳಿಯುವಾಗ, ತನ್ನ ಸೋಲು ಬೇರೆಲ್ಲಿಯೋ ಮೊದಲೇ ನಿಶ್ಚಯವಾಗಿಲ್ಲವೆಂಬ ನಂಬಿಕೆ ಅವನಿಗಿರಬೇಕು. ಆ ನಂಬಿಕೆಯನ್ನು ಕಾಯುವುದೇ ಜೋಡಿ ಕಟ್ಟುವ ಹಿರಿಯರ ಧರ್ಮ. ಕುಸ್ತಿಗೆ ಮಾತ್ರವಲ್ಲ, ಎಳೆಯರಿಗಾಗಿ ಹಿರಿಯರು ಏರ್ಪಡಿಸುವ ಎಲ್ಲ ಪಂದ್ಯ ಪರೀಕ್ಷೆಗಳಿಗೂ ಈ ಮಾತು ಸಲ್ಲುತ್ತದೆ.