ನಂಜಮ್ಮ ಮತ್ತು ರಾಮಸಂದ್ರ

ಊರೆಂಬುದು ಮನುಷ್ಯನಿಗೆ ಆಸರೆಯೂ ಹೌದು, ಕಟ್ಟುಪಾಡೂ ಹೌದು. ಊರಿನೊಳಗಿದ್ದೂ ತನ್ನ ವಿವೇಕಕ್ಕೆ ಸರಿತೋರಿದಂತೆ ಬಾಳಬಯಸುವವರಿಗೆ ಅದು ಒಮ್ಮೆ ಬಂಧುವಾಗಿಯೂ ಒಮ್ಮೆ ವೈರಿಯಾಗಿಯೂ ತೋರುತ್ತದೆ. ಈ ಸಂಬಂಧದ ಏರಿಳಿತವನ್ನು ‘ಗೃಹಭಂಗ’ದ ಕಥೆ ಮನಮುಟ್ಟುವಂತೆ ಚಿತ್ರಿಸಿದೆ.

ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಜನಿಸಿದ ಎಸ್. ಎಲ್. ಭೈರಪ್ಪನವರ (1931–2025) ಈ ಕಾದಂಬರಿ 1970ರಲ್ಲಿ ಪ್ರಕಟವಾಯಿತು. ಮುಂದೆ ಚಲನಚಿತ್ರ ನಿರ್ದೇಶಕರಾದ ಗಿರೀಶ ಕಾಸರವಳ್ಳಿಯವರು ಇದನ್ನು ಕಿರುತೆರೆಯ ಧಾರಾವಾಹಿಯಾಗಿ ರೂಪಿಸಿದರು. ಪುಸ್ತಕವನ್ನು ಓದದವರ ಮನೆಗಳಿಗೂ ಹೀಗೆ ನಂಜಮ್ಮನ ಕಥೆ ತಲಪಿತು.

ನಂಜಮ್ಮ ರಾಮಸಂದ್ರದ ಶ್ಯಾನುಭೋಗರ ಮನೆಗೆ ಸೊಸೆಯಾಗಿ ಬಂದವಳು. ಗಂಡ ಚೆನ್ನಿಗರಾಯ ಹೊಣೆಯರಿಯದವನು. ಅತ್ತೆ ಗಂಗಮ್ಮನ ಬಾಯಿ ಬಲು ಕಟು. ಹಿಂದೆ ಮೈಸೂರು ಸಂಸ್ಥಾನದಲ್ಲಿ ಹಳ್ಳಿಯ ಜಮೀನು ಮತ್ತು ಕಂದಾಯದ ಲೆಕ್ಕವನ್ನು ಬರೆಯುವವನು ಶ್ಯಾನುಭೋಗ. ವಂಶಪಾರಂಪರ್ಯವಾದ ಈ ಹುದ್ದೆಯನ್ನು 1961ರ ಕಾಯಿದೆ ರದ್ದುಗೊಳಿಸಿತು. ಚೆನ್ನಿಗರಾಯನಿಗೆ ಹುದ್ದೆಯಿತ್ತು, ಲೆಕ್ಕ ಬರೆಯುವ ಶಕ್ತಿಯಿರಲಿಲ್ಲ. ನಂಜಮ್ಮ ಆ ಕೆಲಸವನ್ನು ಕಲಿತಳು. ಲೆಕ್ಕವೆಲ್ಲ ಅವಳದು, ರುಜು ಮಾತ್ರ ಗಂಡನದು. ಹೆಸರಿಲ್ಲದ ಈ ದುಡಿಮೆಯಿಂದಲೇ ಅವಳು ಮನೆಯನ್ನು ನಿಲ್ಲಿಸಿದಳು. ಮುತ್ತುಗದ ಎಲೆಗಳನ್ನು ಹಚ್ಚಿ ಮಾರಿಯೂ ಮಕ್ಕಳನ್ನು ಸಾಕಿದಳು.

ಇದರಿಂದ ಊರಿಗೂ ಅವಳಿಗೂ ಇದ್ದ ಸಂಬಂಧ ಬದಲಾಯಿತು. ಮಾತಿಲ್ಲದ ಸೊಸೆಯೆಂದು ಕಂಡವರೇ ಅವಳ ಬರವಣಿಗೆಯನ್ನು ನೆಚ್ಚಬೇಕಾಯಿತು. ಆದರೆ ಮೆಚ್ಚುಗೆಯ ಜೊತೆಗೆ ಮುನಿಸೂ ಬೆಳೆಯಿತು. ಬಹಿಷ್ಕಾರದ ಬೆದರಿಕೆ ಪುರೋಹಿತರ ಕೈಯಲ್ಲಿ ಆಯುಧವಾಗಿತ್ತು. ಸ್ವಜನರ ಬಾಗಿಲುಗಳು ಮುಚ್ಚಿದಾಗ ಬೇರೆ ಬಾಗಿಲುಗಳು ತೆರೆದವು. ನೆರೆಯ ಕುರುಬರಹಳ್ಳಿಯ ಗುಂಡೇಗೌಡನು ಅವಳಿಗೆ ಬೆಂಬಲವಾಗಿ ನಿಂತನು. ಭಿಕ್ಷೆಯೆತ್ತಿ ಬಾಳುವ ಮಹಾದೇವಯ್ಯನವರು ಹಿತೈಷಿಗಳಾದರು. ಇವರಾರೂ ಅವಳ ಜಾತಿಯವರಲ್ಲ, ನೆಂಟರಲ್ಲ. ಸಮುದಾಯವೆಂದರೆ ಒಂದೇ ಮುಖವುಳ್ಳದ್ದಲ್ಲವೆಂಬುದನ್ನು ಈ ಕಥೆ ಇಲ್ಲಿ ತೋರಿಸುತ್ತದೆ.

ಅನಂತರ ಬಂದದ್ದು ಪ್ಲೇಗು. 1898ರಲ್ಲಿ ಮೈಸೂರು ಸಂಸ್ಥಾನವನ್ನು ಹೊಕ್ಕ ಈ ಪಿಡುಗು ಬಹುಕಾಲ ಮರುಕಳಿಸುತ್ತಿತ್ತು. ಇಲಿ ಬಿದ್ದೊಡನೆ ಜನ ಮನೆಗಳನ್ನು ತೊರೆದು, ಊರಾಚೆ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಭೈರಪ್ಪನವರೂ ಬಾಲ್ಯದಲ್ಲಿ ಒಡಹುಟ್ಟಿದವರನ್ನು ಈ ರೋಗಕ್ಕೆ ಕಳೆದುಕೊಂಡವರು. ಕಥೆಯಲ್ಲಿ ನಂಜಮ್ಮನ ಮಗಳು ಪಾರ್ವತಿ ಹಾಗೂ ಮಗ ರಾಮಣ್ಣ ಪ್ಲೇಗಿಗೆ ಬಲಿಯಾಗುತ್ತಾರೆ. ಕೊನೆಗೆ ಅವಳೂ ಅದೇ ರೋಗದಿಂದ ಅಳಿಯುತ್ತಾಳೆ. ಉಳಿದವನು ಬಾಲಕ ವಿಶ್ವನೊಬ್ಬನೇ.

ಅವನನ್ನು ಕೈಹಿಡಿದು ಊರಿನಿಂದಾಚೆ ಕರೆದೊಯ್ಯುವವರು ಮಹಾದೇವಯ್ಯನವರು. ಹೊರಟ ಮಗನನ್ನು ಚೆನ್ನಿಗರಾಯ ನೋಡುತ್ತಾನೆ. ಆದರೆ ಬಾಯಲ್ಲಿ ತುಂಬಿದ್ದ ಹೊಗೆಸೊಪ್ಪಿನ ರಸವನ್ನು ಉಗುಳಲು ಮನಸ್ಸಿಲ್ಲದೆ, ಕೂಗದೆ ಸುಮ್ಮನಾಗುತ್ತಾನೆ.

ನಂಜಮ್ಮ ಊರನ್ನು ತೊರೆಯಲಿಲ್ಲ, ಊರಿಗೆ ಮಣಿಯಲೂ ಇಲ್ಲ. ಅವಳ ಬಾಳಿನ ಬೆಲೆಯನ್ನು ಹುಟ್ಟಿನಿಂದ ಹತ್ತಿರವಾದವರು ಅರಿಯಲಿಲ್ಲ. ನಡತೆಯಿಂದ ಹತ್ತಿರವಾದವರು ಅರಿತರು. ತಾಯಿಯನ್ನು ಕಳೆದುಕೊಂಡ ಹುಡುಗನಿಗೆ ದಾರಿ ತೋರಿದ್ದು ಆ ಅರಿವೇ.