ಗುಂಟೆಯ ಲೆಕ್ಕವೂ ಯಂತ್ರದ ವರದಿಯೂ

ಪಹಣಿ ಎಂಬುದು ರೈತನಿಗೆ ಬರಿಯ ಕಾಗದವಲ್ಲ. ಬ್ಯಾಂಕಿನ ಸಾಲ, ಅಣ್ಣತಮ್ಮಂದಿರ ಪಾಲು, ಕಷ್ಟಕಾಲದಲ್ಲಿ ಮಾರುವ ತುಂಡು ನೆಲ, ಎಲ್ಲಕ್ಕೂ ಅದೇ ಆಧಾರ. ಒಂದು ಕಾಲಕ್ಕೆ ಶಾನುಭೋಗರೂ ಆಮೇಲೆ ಗ್ರಾಮಲೆಕ್ಕಿಗರೂ ಕೈಯಿಂದ ಬರೆಯುತ್ತಿದ್ದ ಈ ದಾಖಲೆಯನ್ನು ಕಂಪ್ಯೂಟರಿಗೆ ಏರಿಸಿದ್ದು ‘ಭೂಮಿ’ ಯೋಜನೆ. ಅದರ ಮೊದಲ ಪ್ರಯೋಗ 1999ರ ಸುಮಾರಿಗೆ ನಡೆದದ್ದು ನಮ್ಮ ಮದ್ದೂರು ತಾಲ್ಲೂಕಿನಲ್ಲಿಯೇ. ಕೆಲವೇ ವರ್ಷಗಳಲ್ಲಿ ಅದು ನಾಡಿನ ಎಲ್ಲ ತಾಲ್ಲೂಕುಗಳಿಗೂ ಹಬ್ಬಿ, ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಯಂತ್ರದೊಳಗೆ ಸೇರಿದುವು.

ಇಷ್ಟು ದಾಖಲೆಗಳನ್ನು ಒಂದೇ ನಮೂನೆಯಲ್ಲಿ ಮುದ್ರಿಸುವುದು ಯಂತ್ರಕ್ಕೆ ಸುಲಭ. ಆದರೆ ಹೊಲಗಳೆಲ್ಲ ಒಂದೇ ಬಗೆಯವಲ್ಲವಷ್ಟೆ. ಒಂದರ ಮೇಲೆ ಸಾಲದ ಋಣವಿದೆ. ಇನ್ನೊಂದರ ಖಾತೆ ಬದಲಾವಣೆ ಬಾಕಿಯಿದೆ. ಈ ವಿಶೇಷಗಳನ್ನು ಅಚ್ಚಾದ ಮೇಲೆ ಲೇಖನಿಯಿಂದ ತಿದ್ದುವುದಾದರೆ ಆ ಕಾಗದವನ್ನು ನಂಬುವವರಾರು? ಅಚ್ಚಾಗುವಾಗಲೇ ಸರಿಯಾಗಬೇಕು. ಇದಕ್ಕಾಗಿ ಕಂಪ್ಯೂಟರ್ ಪಂಡಿತರು ಕಂಡುಕೊಂಡ ಉಪಾಯದ ಹೆಸರು ‘ಕಾಲ್‌ಬ್ಯಾಕ್’.

ಹೆಸರು ಹೊಸದು, ಕ್ರಮ ಹಳೆಯದು. ಶಿಂಷಾ ನದಿಯ ದಡದ ವೈದ್ಯನಾಥಪುರದ ಗುಡಿಯಲ್ಲಿ ಅರ್ಚನೆ ಮಾಡಿಸುವುದನ್ನು ನೆನೆದುಕೊಳ್ಳಿ. ಸಂಕಲ್ಪದ ಮಾತುಗಳು ಎಲ್ಲರಿಗೂ ಒಂದೇ. ಅರ್ಚಕರು ಗೊತ್ತಾದ ಎಡೆಯಲ್ಲಿ ಮಾತ್ರ ನಿಂತು ಗೋತ್ರ, ನಕ್ಷತ್ರ, ಹೆಸರು ಕೇಳುತ್ತಾರೆ. ಭಕ್ತರು ಹೇಳಿದ್ದನ್ನು ಸೇರಿಸಿಕೊಂಡು ಮುಂದುವರಿಯುತ್ತಾರೆ. ಕೇಳುವ ಸಮಯ ಅರ್ಚಕರದು, ಉತ್ತರ ನಮ್ಮದು. ಕಾಲ್‌ಬ್ಯಾಕ್ ಎಂದರೂ ಇಷ್ಟೇ: ವರದಿ ಸಿದ್ಧಮಾಡುವ ಯಂತ್ರ ತನ್ನ ಕೆಲಸದ ನಡುವೆ ಗೊತ್ತಾದ ಘಟ್ಟಗಳಲ್ಲಿ ನಿಂತು, ನಾವು ಬರೆದಿಟ್ಟ ನಿಯಮವನ್ನು ಕರೆದು ಕೇಳುತ್ತದೆ.

1995ರಲ್ಲಿ ಲೋಕಕ್ಕೆ ಬಂದ ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಇಂಥ ವರದಿಗಳನ್ನು ಸಿದ್ಧಪಡಿಸುವ ‘ಜ್ಯಾಸ್ಪರ್‌ರಿಪೋರ್ಟ್ಸ್’ ಎಂಬ ಸಲಕರಣೆಯುಂಟು. ವರದಿ ಮೊದಲಾಗುವ ಮುನ್ನ, ಪ್ರತಿ ಪುಟಕ್ಕೆ ಮುನ್ನ, ಒಂದು ಗುಂಪಿನಿಂದ ಇನ್ನೊಂದಕ್ಕೆ ಹೋಗುವಾಗ, ಪ್ರತಿ ಸಾಲಿನ ಹಿಂದೆ ಮುಂದೆ, ಹೀಗೆ ಅದು ನಿಲ್ಲುವ ಘಟ್ಟಗಳು ಗೊತ್ತಾಗಿವೆ. ಅಲ್ಲಿ ಕರೆಯಬೇಕಾದ ನಿಯಮಗಳನ್ನು ಖಾಲಿಯಾಗಿ ಬಿಟ್ಟಿರುತ್ತಾರೆ. ನಮಗೆ ಬೇಕಾದುದನ್ನಷ್ಟೇ ತುಂಬಿದರೆ ಸಾಕು. ಉಳಿದ ಕಡೆ ಯಂತ್ರ ಸುಮ್ಮನೆ ದಾಟಿಹೋಗುತ್ತದೆ.

ಇದರ ಪ್ರಯೋಜನ ಗುಂಟೆಯ ಲೆಕ್ಕದಲ್ಲಿ ಚೆನ್ನಾಗಿ ಕಾಣುತ್ತದೆ. ‘ಭೂಮಿ’ಯ ಏರ್ಪಾಡು ಜಾವಾದಲ್ಲಿದೆಯೆಂದು ಇದರ ಅರ್ಥವಲ್ಲ, ಪಹಣಿ ಇಲ್ಲಿ ಉದಾಹರಣೆ ಮಾತ್ರ. ಒಬ್ಬ ರೈತನಿಗೆ ಒಂದು ಕಡೆ 1 ಎಕರೆ 25 ಗುಂಟೆ, ಇನ್ನೊಂದು ಕಡೆ 2 ಎಕರೆ 30 ಗುಂಟೆ ನೆಲವಿದೆಯೆನ್ನೋಣ. ನಮ್ಮ ವಾಡಿಕೆಯನ್ನು ಅರಿಯದ ಯಂತ್ರಕ್ಕೆ ಇವನ್ನು 1.25, 2.30 ಎಂದು ಕೊಟ್ಟರೆ 3.55 ಎಂದು ಕೂಡುತ್ತದೆ. 40 ಗುಂಟೆಗೆ ಒಂದು ಎಕರೆ ಎಂದು ಬಲ್ಲ ಹೈಸ್ಕೂಲು ಹುಡುಗನೂ 4 ಎಕರೆ 15 ಗುಂಟೆ ಎಂದಾನು. ಯಂತ್ರದ ಮಾತನ್ನು ದಶಮಾಂಶದಂತೆ ನಂಬಿದರೆ ರೈತನ ನೆಲದಲ್ಲಿ 33 ಗುಂಟೆ ಮಾಯವಾಯಿತು!

ಇದನ್ನು ಸರಿಪಡಿಸಲು ಮೂರು ನಿಯಮ ಸಾಕು. ಹೊಸ ಖಾತೆದಾರನ ಲೆಕ್ಕ ಮೊದಲಾಗುವಾಗ ಮೊತ್ತವನ್ನು ಸೊನ್ನೆ ಮಾಡು. ಪ್ರತಿ ಸಾಲು ಬಂದಾಗ ಎಕರೆಯನ್ನು 40ರಿಂದ ಗುಣಿಸಿ, ಗುಂಟೆ ಸೇರಿಸಿ, ಮೊತ್ತಕ್ಕೆ ಕೂಡು. ಕೊನೆಯಲ್ಲಿ 40ರಿಂದ ಭಾಗಿಸು. ಭಾಗಲಬ್ಧ ಎಕರೆ, ಶೇಷ ಗುಂಟೆ. ಮೇಲಿನ ಉದಾಹರಣೆಯಲ್ಲಿ 65ಕ್ಕೆ 110 ಸೇರಿ 175. ಭಾಗಿಸಿದರೆ 4 ಎಕರೆ 15 ಗುಂಟೆ. ಖಾತೆ ಬದಲಾವಣೆ ಬಾಕಿಯಿರುವ ಸಾಲಿನ ಕೆಳಗೆ ಎಚ್ಚರಿಕೆಯ ಮಾತು ಮೂಡುವಂತೆ ಮಾಡುವುದೂ ಇದೇ ಮಾರ್ಗದಿಂದ.

ಆದರೆ ಲೇಖನಿಯ ತಪ್ಪು ಒಂದು ಕಾಗದವನ್ನು ಕೆಡಿಸಿದರೆ, ನಿಯಮದ ತಪ್ಪು ಎಲ್ಲ ಕಾಗದಗಳನ್ನೂ ಕೆಡಿಸುತ್ತದೆ. ಸೊನ್ನೆ ಮಾಡುವ ಮೊದಲ ನಿಯಮವೊಂದನ್ನು ಮರೆತರೆ ಒಬ್ಬನ ನೆಲ ಮುಂದಿನವನ ಲೆಕ್ಕಕ್ಕೆ ಸೇರಿಹೋಗುತ್ತದೆ. ಆದ್ದರಿಂದ ಮೊತ್ತದ ಗುಂಟೆ 39 ಆದಾಗ, 40 ಆದಾಗ, 41 ಆದಾಗ ಏನು ಬರುತ್ತದೆಂಬುದನ್ನು ಮೊದಲು ಕೈಲೆಕ್ಕದಿಂದ ತಾಳೆ ನೋಡಬೇಕು. ಇನ್ನೊಂದು ಕಟ್ಟುಪಾಡೂ ಉಂಟು. ಈ ನಿಯಮಗಳು ವರದಿಯ ರೂಪವನ್ನೂ ಮೊತ್ತವನ್ನೂ ಮುಟ್ಟಲಿ. ಮೂಲ ದಾಖಲೆಯನ್ನು ಮುಟ್ಟಬಾರದು. ದಾಖಲೆ ಬದಲಾಗುವುದು ಅರ್ಜಿ, ವಿಚಾರಣೆ, ಅಧಿಕಾರಿಯ ಆದೇಶ ಈ ದಾರಿಯಿಂದ, ಅಚ್ಚಿನ ದಾರಿಯಿಂದಲ್ಲ.

ವ್ಯಾಕರಣದಲ್ಲಿ ಸಾಮಾನ್ಯ ಸೂತ್ರವೂ ಇದೆ, ಅದಕ್ಕೆ ಅಪವಾದವೂ ಇದೆ. ಅಪವಾದದ ಎಡೆಯನ್ನು ಸ್ಪಷ್ಟವಾಗಿ ಹೇಳಿದ್ದರಿಂದ ಸೂತ್ರಕ್ಕೆ ಕುಂದಾಗಲಿಲ್ಲ, ಬಲವೇ ಬಂದಿತು. ವರದಿಯ ಯಂತ್ರಕ್ಕೂ ಇದೇ ನ್ಯಾಯ. ಯಂತ್ರಕ್ಕೆ ನಮ್ಮ ಗುಂಟೆ ತಿಳಿಯದಿದ್ದರೆ ಅದು ಯಂತ್ರದ ದೋಷವಲ್ಲ; ಅದು ಕರೆದು ಕೇಳುವ ಕಡೆಯಲ್ಲಿ ಉತ್ತರ ಬರೆದಿಡುವುದು ನಮ್ಮ ಹೊಣೆ.