ಎರಡು ಬೀಗಗಳ ಕಾವಲು: ಆರ್‌ಬಿ ಪ್ರೋಟೀನ್ ಮತ್ತು ಮಗುವಿನ ಕಣ್ಣು

ನಾಮಕರಣ, ಹುಟ್ಟುಹಬ್ಬಗಳಲ್ಲಿ ಫ್ಲ್ಯಾಷ್ ಬಳಸಿ ತೆಗೆದ ಛಾಯಾಚಿತ್ರಗಳಲ್ಲಿ ಮಕ್ಕಳ ಕಣ್ಣಿನ ಪಾಪೆ ಕೆಂಪಾಗಿ ಕಾಣುವುದನ್ನು ನಾವೆಲ್ಲರೂ ಬಲ್ಲೆವು. ಕಣ್ಣಿನ ಒಳಭಿತ್ತಿಯ ರಕ್ತನಾಳಗಳಿಂದ ಬೆಳಕು ಪ್ರತಿಫಲಿಸುವುದೇ ಇದಕ್ಕೆ ಕಾರಣ, ಇದು ಸಹಜವಾದುದು. ಆದರೆ ಒಂದು ಕಣ್ಣು ಕೆಂಪಾಗಿದ್ದು ಮತ್ತೊಂದು ಬೆಕ್ಕಿನ ಕಣ್ಣಿನಂತೆ ಬೆಳ್ಳಗೆ ಹೊಳೆದರೆ, ಅದನ್ನು ಕ್ಯಾಮೆರಾದ ದೋಷವೆಂದು ತಳ್ಳಿಹಾಕುವುದು ಸರಿಯಲ್ಲ. ಬೆಳಕು ಬಿದ್ದ ಕೋನ ಅಥವಾ ಹುಟ್ಟಿನಿಂದ ಬಂದ ಪೊರೆ ಅದಕ್ಕೆ ಕಾರಣವಿರಬಹುದು. ಅಪರೂಪವಾಗಿ ಅದು ರೆಟಿನೊಬ್ಲಾಸ್ಟೋಮ ಎಂಬ ಅಕ್ಷಿಪಟಲದ ಕ್ಯಾನ್ಸರಿನ ಮೊದಲ ಸೂಚನೆಯಾಗಿರುತ್ತದೆ. ಸುಮಾರು 15ರಿಂದ 20 ಸಾವಿರ ಶಿಶುಗಳಲ್ಲಿ ಒಂದಕ್ಕೆ ಬರುವ ಈ ಕಾಯಿಲೆ, ಬಹುಪಾಲು ಮಗುವಿಗೆ ಐದು ವರ್ಷ ತುಂಬುವ ಮೊದಲೇ ಕಾಣಿಸಿಕೊಳ್ಳುತ್ತದೆ.

ಈ ವಿರಳ ಕಾಯಿಲೆಯ ಜಾಡು ಹಿಡಿದು ಹೊರಟ ವಿಜ್ಞಾನಿಗಳಿಗೆ ದೊರೆತದ್ದು ನಮ್ಮೆಲ್ಲರ ಜೀವಕೋಶಗಳಲ್ಲೂ ಇರುವ ಒಂದು ಕಾವಲುಗಾರ. ಕಾಯಿಲೆಯ ಹೆಸರಿನಿಂದಲೇ ಅದಕ್ಕೆ ಆರ್‌ಬಿ ಪ್ರೋಟೀನ್ ಎಂಬ ಹೆಸರು ಬಂದಿದೆ. 928 ಅಮೈನೋ ಆಮ್ಲಗಳಿಂದಾದ ಈ ಪ್ರೋಟೀನನ್ನು ರೂಪಿಸುವ ವಂಶವಾಹಿ 13ನೆಯ ವರ್ಣತಂತುವಿನಲ್ಲಿದೆ.

ಜೀವಕೋಶವು ಎರಡಾಗಿ ಒಡೆಯುವ ಮುನ್ನ ತನ್ನ ಡಿಎನ್‌ಎಯನ್ನು ಪೂರ್ಣವಾಗಿ ನಕಲು ಮಾಡಿಕೊಳ್ಳಬೇಕು. ಆ ಕಾರ್ಯಕ್ಕೆ ಬೇಕಾದ ವಂಶವಾಹಿಗಳನ್ನು ಎಚ್ಚರಿಸುವುದು ಇ2ಎಫ್ ಎಂಬ ಪ್ರೋಟೀನುಗಳ ಗುಂಪು. ಆರ್‌ಬಿ ಈ ಇ2ಎಫ್‌ಅನ್ನು ಹಿಡಿದಿಟ್ಟುಕೊಂಡು, ‘ಈಗಲ್ಲ, ತಾಳು’ ಎನ್ನುತ್ತದೆ. ಗಾಯ ಮಾಯಬೇಕಾದಾಗ, ದೇಹ ಬೆಳೆಯಬೇಕಾದಾಗ ಹೊರಗಿನಿಂದ ಸೂಚನೆ ಬರುತ್ತದೆ. ಆಗ ಸೈಕ್ಲಿನ್-ಡಿ ಎಂಬ ಪ್ರೋಟೀನು ಸಿಡಿಕೆ4 ಮತ್ತು ಸಿಡಿಕೆ6 ಎಂಬ ಕಿಣ್ವಗಳೊಡನೆ ಕೂಡಿ ಆರ್‌ಬಿಯ ಮೇಲೆ ಫಾಸ್ಫೇಟಿನ ಕಣಗಳನ್ನು ಅಂಟಿಸತೊಡಗುತ್ತದೆ. ಇದರಿಂದ ಆರ್‌ಬಿಯ ಹಿಡಿತ ಸಡಿಲಗೊಂಡು, ಬಿಡುಗಡೆ ಪಡೆದ ಇ2ಎಫ್ ತನ್ನ ಕೆಲಸ ಆರಂಭಿಸುತ್ತದೆ. ವಿಭಜನೆ ಮುಗಿದ ಬಳಿಕ ಫಾಸ್ಫೇಟು ಕಳಚಿ, ಆರ್‌ಬಿ ಮತ್ತೆ ಕಾವಲಿಗೆ ನಿಲ್ಲುತ್ತದೆ.

ಆರ್‌ಬಿಯೇ ಇಲ್ಲದಿದ್ದರೆ? ನನ್ನ ವೃತ್ತಿಯ ಉದಾಹರಣೆಯೊಂದು ಇಲ್ಲಿ ಹೊಂದುತ್ತದೆ. ಬ್ಯಾಂಕಿನ ಭದ್ರಕೋಣೆಯ ಬಾಗಿಲಿಗೆ ಎರಡು ಬೀಗಗಳಿರುತ್ತವೆ. ಒಂದು ಕೆಟ್ಟರೂ ಇನ್ನೊಂದರಿಂದ ಬಾಗಿಲು ಭದ್ರವಾಗಿರುತ್ತದೆ. ಅಂತೆಯೇ ಪ್ರತಿ ಜೀವಕೋಶದಲ್ಲೂ ಆರ್‌ಬಿ ವಂಶವಾಹಿಯ ಎರಡು ಪ್ರತಿಗಳಿವೆ; ತಾಯಿಯಿಂದ ಒಂದು, ತಂದೆಯಿಂದ ಒಂದು. ಎರಡೂ ಕೆಟ್ಟಾಗ ಮಾತ್ರ ಆ ಕೋಶ ಅಂಕೆ ಮೀರುತ್ತದೆ.

ಈ ತರ್ಕವನ್ನು 1971ರಲ್ಲಿ ಮಂಡಿಸಿದವರು ಅಮೆರಿಕದ ವೈದ್ಯ ಆಲ್‌ಫ್ರೆಡ್ ನಡ್ಸನ್. ಅವರ ಮುಂದಿದ್ದುದು ಕೇವಲ 48 ರೋಗಿಗಳ ವಿವರ. ಎರಡೂ ಕಣ್ಣುಗಳಲ್ಲಿ ಗೆಡ್ಡೆಯಿದ್ದ ಮಕ್ಕಳಿಗೆ ಕಾಯಿಲೆ ಬೇಗ ಬಂದಿತ್ತು. ಒಂದೇ ಕಣ್ಣಿನಲ್ಲಿದ್ದವರಿಗೆ ಸಾಮಾನ್ಯವಾಗಿ ತಡವಾಗಿ ಬಂದಿತ್ತು. ಮೊದಲಿನವರು ಹುಟ್ಟುವಾಗಲೇ ಪ್ರತಿ ಕೋಶದಲ್ಲೂ ಒಂದು ಬೀಗ ಕೆಟ್ಟವರು. ಅವರಲ್ಲಿ ಯಾವುದೋ ಕೋಶದ ಇನ್ನೊಂದು ಬೀಗ ಕೆಟ್ಟರೆ ಸಾಕು. ಉಳಿದವರಲ್ಲಿ ಒಂದೇ ಕೋಶದ ಎರಡೂ ಬೀಗಗಳು ಒಂದಾದ ಮೇಲೊಂದು ಕೆಡಬೇಕು. ಅದಕ್ಕೆ ಕಾಲ ಹಿಡಿಯುತ್ತದೆ. ಸ್ಟೀಫನ್ ಫ್ರೆಂಡ್, ಥೇಡಿಯಸ್ ಡ್ರೈಜಾ, ರಾಬರ್ಟ್ ವೈನ್‌ಬರ್ಗ್ ಮತ್ತು ಸಂಗಡಿಗರು 1986ರಲ್ಲಿ ಈ ವಂಶವಾಹಿಯನ್ನು ಪ್ರತ್ಯೇಕಿಸಿದಾಗ ನಡ್ಸನ್ನರ ಊಹೆಗೆ ಗಟ್ಟಿಯಾದ ಆಧಾರ ದೊರೆಯಿತು.

ಆರ್‌ಬಿಯ ಕಥೆ ಕಣ್ಣಿಗೇ ಮುಗಿಯುವುದಿಲ್ಲ. ಗರ್ಭಕೊರಳಿನ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ವೈರಸ್, ತನ್ನ ಇ7 ಎಂಬ ಪ್ರೋಟೀನಿನಿಂದ ಆರ್‌ಬಿಯನ್ನು ಹಿಡಿದು ನಿಷ್ಕ್ರಿಯಗೊಳಿಸುತ್ತದೆ. ಈ ವೈರಸ್ಸಿಗೆ ಇಂದು ಲಸಿಕೆಯಿದೆ. 2015ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದ ಪಾಲ್ಬೊಸೈಕ್ಲಿಬ್ ಎಂಬ ಸ್ತನ ಕ್ಯಾನ್ಸರಿನ ಔಷಧಿಯು ಸಿಡಿಕೆ4 ಮತ್ತು 6ನ್ನು ತಡೆದು ಆರ್‌ಬಿಯನ್ನು ಕಾವಲಿನಲ್ಲಿ ನಿಲ್ಲಿಸುತ್ತದೆ. ಕಾವಲುಗಾರನೇ ಇಲ್ಲದ ಗೆಡ್ಡೆಯಲ್ಲಿ ಅದು ಫಲಿಸುವ ಸಂಭವ ತೀರ ಕಡಿಮೆ.

ಮತ್ತೆ ಮಗುವಿನ ಕಣ್ಣಿಗೆ ಬರೋಣ. ಪಾಪೆಯಲ್ಲಿ ಬಿಳಿಯ ಹೊಳಪು ಅಥವಾ ಹೊಸದಾಗಿ ಮೆಳ್ಳೆಗಣ್ಣು ಕಂಡರೆ, ತಿಂಗಳುಗಟ್ಟಲೆ ಕಾಯದೆ ಕೆಲವೇ ದಿನಗಳಲ್ಲಿ ನೇತ್ರತಜ್ಞರಿಗೆ ತೋರಿಸಬೇಕು. ಚೆನ್ನೈನ ಶಂಕರ ನೇತ್ರಾಲಯ, ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆ, ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಗಳಲ್ಲಿ ಈ ಕಾಯಿಲೆಗೆ ಚಿಕಿತ್ಸೆಯಿದೆ. ಗೆಡ್ಡೆ ಚಿಕ್ಕದಿದ್ದರೆ ಲೇಸರ್, ಶೈತ್ಯ ಚಿಕಿತ್ಸೆ, ಔಷಧಿಗಳಿಂದ ದೃಷ್ಟಿಯನ್ನೂ ಉಳಿಸಲು ಸಾಧ್ಯವಿದೆ. ಬೆಳೆದಿದ್ದರೆ ಕಣ್ಣನ್ನು ತೆಗೆಯಬೇಕಾಗಬಹುದು. ಆ ಮಾತು ಕೇಳಿ ಮನೆಯ ಹಿರಿಯರು ಹಿಂಜರಿಯುವುದು ಸಹಜವೇ. ಆದರೆ ತಡಮಾಡಿದರೆ ಕಾಯಿಲೆ ದೃಷ್ಟಿನರದ ಮೂಲಕ ಮಿದುಳಿಗೆ ಹಬ್ಬಬಲ್ಲದು. ಕಣ್ಣಿನೊಳಗೇ ಇರುವಾಗ ಚಿಕಿತ್ಸೆಯಾದ ಮಕ್ಕಳಲ್ಲಿ ಬಹುಪಾಲು ಬದುಕಿ ಬೆಳೆಯುತ್ತವೆ.

ಇನ್ನೊಂದು ಮಾತು. ಸುಮಾರು 40 ಪ್ರತಿಶತ ಮಕ್ಕಳಲ್ಲಿ ಇದು ಮುಂದಿನ ಪೀಳಿಗೆಗೆ ಸಾಗಬಲ್ಲ ದೋಷ. ಅಂಥವರ ಪ್ರತಿಯೊಂದು ಸಂತಾನಕ್ಕೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಒಂದೇ ಕಣ್ಣಿನಲ್ಲಿ ಕಾಯಿಲೆ ಇದ್ದವರಲ್ಲೂ ಕೆಲವರು ಈ ಗುಂಪಿಗೆ ಸೇರುತ್ತಾರೆ. ಆದುದರಿಂದ ವಂಶವಾಹಿ ಪರೀಕ್ಷೆಯೂ, ಒಡಹುಟ್ಟಿದವರ ಕಣ್ಣಿನ ತಪಾಸಣೆಯೂ ಅಗತ್ಯ. ತಂದೆತಾಯಿಯರಲ್ಲಿ ಇಲ್ಲದ ದೋಷ ಮಗುವಿನಲ್ಲಿ ಹೊಸದಾಗಿಯೂ ಹುಟ್ಟಬಹುದು. ಇದು ತಾಯಿಯ ಆಹಾರದ ತಪ್ಪಲ್ಲ, ಮನೆತನದ ಕಳಂಕವೂ ಅಲ್ಲ. ಮುಚ್ಚಿಟ್ಟರೆ ನಷ್ಟವಾಗುವುದು ಮುಂದಿನ ಮಗುವಿಗೆ. ಮನೆಯ ಆಲ್ಬಮ್ಮಿನಲ್ಲಿರುವ ಪುಟ್ಟ ಮಕ್ಕಳ ಚಿತ್ರಗಳನ್ನು ಇಂದೇ ಒಮ್ಮೆ ತೆರೆದು ನೋಡೋಣ.